ಆರು ವಚನಗಳ ಅರಸ

ಬೈಬಲ್‌ನಲ್ಲಿ ಒಮ್ರಿ ರಾಜನ ಆಳ್ವಿಕೆಗೆ ಸಿಕ್ಕಿರುವ ಜಾಗ ಆರು ವಚನ. ಒಂದನೇ ಅರಸುಗಳು ಪುಸ್ತಕದ ಹದಿನಾರನೇ ಅಧ್ಯಾಯದಲ್ಲಿ ಅವನು ಬರುತ್ತಾನೆ. ಶೆಮೆರ್ ಎಂಬವನಿಗೆ ಎರಡು ತಲಾಂತು ಬೆಳ್ಳಿ ಕೊಟ್ಟು ಗುಡ್ಡವೊಂದನ್ನು ಕೊಳ್ಳುತ್ತಾನೆ. ಅದರ ಮೇಲೆ ಸಮಾರ್ಯ ಎಂಬ ಪಟ್ಟಣ ಕಟ್ಟುತ್ತಾನೆ. ಹಿಂದಿನ ಅರಸರೆಲ್ಲರಿಗಿಂತ ಕೆಟ್ಟವನೆಂಬ ಮಾತು ಹೊತ್ತುಕೊಂಡು ಸಾಯುತ್ತಾನೆ. ಹನ್ನೆರಡು ವರ್ಷದ ರಾಜ್ಯಭಾರ ಅಲ್ಲಿಗೆ ಮುಗಿಯಿತು. ಅದೇ ಪುಸ್ತಕದ ಮೊದಲ ಹನ್ನೊಂದು ಅಧ್ಯಾಯಗಳು ಸೊಲೊಮೋನನ ಕಥೆಗೆ ಮೀಸಲು: ಅವನ ಜ್ಞಾನ, ಅವನು ಕಟ್ಟಿಸಿದ ದೇವಾಲಯ, ಅವನ ರಥ ಕುದುರೆಗಳು, ಶೆಬದ ರಾಣಿ ತಂದ ಸುಗಂಧದ್ರವ್ಯಗಳು. ಅವನ ತಂದೆ ದಾವೀದನಿಗಂತೂ ಇನ್ನೂ ಹೆಚ್ಚು ಪುಟಗಳು.

ನೆಲ ಅಗೆದು ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸೊಲೊಮೋನನ ಕಾಲದ್ದೇ ಆದ, ಅವನ ಹೆಸರಿರುವ ಶಾಸನ ಒಂದೂ ಈವರೆಗೆ ಸಿಕ್ಕಿಲ್ಲ. ಒಮ್ರಿಯ ಹೆಸರು ನೆರೆಯ ಮೋವಾಬ್ ದೇಶದ ಕಲ್ಲಿನಲ್ಲಿದೆ, ದೂರದ ಅಸ್ಸೀರಿಯದ ದಾಖಲೆಗಳಲ್ಲಿದೆ. ಅವನು ಸತ್ತು ನೂರು ವರ್ಷ ಕಳೆದ ಮೇಲೂ ಅಸ್ಸೀರಿಯದ ಲಿಪಿಕಾರರು ಇಸ್ರೇಲ್ ರಾಜ್ಯವನ್ನು ‘ಒಮ್ರಿಯ ಮನೆ’ ಎಂದೇ ಬರೆಯುತ್ತಿದ್ದರು.

ಪುರಾತನ ಇಸ್ರೇಲಿನ ಅರಸರ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬಂದಾಗಲೆಲ್ಲ ಪ್ರಶ್ನೆ ಒಂದೇ: ಬೈಬಲ್ ಹೇಳಿದ್ದು ನಿಜವೋ, ಸುಳ್ಳೋ? ಒಂದು ಮುದ್ರೆ ಸಿಕ್ಕರೆ ನಿಜ, ಒಂದು ಗೋಡೆಯ ಕಾಲ ಬದಲಾದರೆ ಸುಳ್ಳು. ಒಮ್ರಿಯ ವಿಷಯದಲ್ಲಿ ಈ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ. ಅವನ ಬಗ್ಗೆ ಬೈಬಲ್ ಸುಳ್ಳು ಹೇಳಿಲ್ಲ. ಅದಕ್ಕೆ ಅವನು ಬೇಕಿರಲಿಲ್ಲ, ಅಷ್ಟೆ. ಯಾರಿಗೆ ಯಾರು ಬೇಕಿದ್ದರು, ಯಾಕೆ ಬೇಕಿದ್ದರು ಎಂದು ಕೇಳಿಕೊಂಡು ಓದಿದಾಗ ಕಲ್ಲೂ ಪುಸ್ತಕವೂ ಎರಡರಷ್ಟು ಹೇಳುತ್ತವೆ.

ಬೈಬಲ್ ಕೊಡುವ ಚೌಕಟ್ಟು ಹೀಗಿದೆ. ಸೌಲ, ದಾವೀದ, ಸೊಲೊಮೋನ ಒಂದೇ ರಾಜ್ಯವನ್ನು ಆಳಿದರು. ಸೊಲೊಮೋನನ ಮಗ ರೆಹಬ್ಬಾಮನ ಕಾಲಕ್ಕೆ ರಾಜ್ಯ ಇಬ್ಭಾಗವಾಯಿತು. ಉತ್ತರದ್ದು ಇಸ್ರೇಲ್, ಅದಕ್ಕೆ ಮುಂದೆ ಸಮಾರ್ಯ ರಾಜಧಾನಿ. ದಕ್ಷಿಣದ್ದು ಯೆಹೂದ, ಅದರ ರಾಜಧಾನಿ ಯೆರೂಸಲೇಮ್. ಕ್ರಿ.ಪೂ. 720ರ ಹೊತ್ತಿಗೆ ಅಸ್ಸೀರಿಯ ಉತ್ತರವನ್ನು ನುಂಗಿತು; ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನ್ ದಕ್ಷಿಣವನ್ನು ಸುಟ್ಟಿತು. ಅರಸುಗಳ ಎರಡು ಪುಸ್ತಕಗಳು ಈಗಿನ ರೂಪ ಪಡೆದದ್ದು ಯೆಹೂದದವರ ಕೈಯಲ್ಲಿ, ಬಹುಶಃ ಕ್ರಿ.ಪೂ. ಏಳನೇ ಮತ್ತು ಆರನೇ ಶತಮಾನಗಳಲ್ಲಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ರಾಜನನ್ನು ಅಳೆಯಲು ಅವರ ಬಳಿ ಇದ್ದ ಗಜಕಡ್ಡಿ ಒಂದೇ: ಯೆರೂಸಲೇಮಿನ ದೇವಾಲಯದಲ್ಲಿ ಮಾತ್ರ, ಒಬ್ಬನೇ ದೇವರನ್ನು ಆರಾಧಿಸಿದನೋ ಇಲ್ಲವೋ? ಗೆದ್ದ ಯುದ್ಧ, ಕಟ್ಟಿದ ಕೋಟೆಗಳ ವಿವರ ಬೇಕಿದ್ದವರು ಇಸ್ರೇಲ್ ಅರಸರ ರಾಜಕಾಲ ವೃತ್ತಾಂತವನ್ನು ನೋಡಿಕೊಳ್ಳಲಿ ಎಂದು ಅವರೇ ಮತ್ತೆ ಮತ್ತೆ ಹೇಳುತ್ತಾರೆ. ಒಮ್ರಿಯ ಪರಾಕ್ರಮವೂ ಅಲ್ಲಿದೆಯಂತೆ. ಆ ವೃತ್ತಾಂತ ಮಾತ್ರ ಉಳಿದಿಲ್ಲ.

ಉಳಿದದ್ದು ಶತ್ರುಗಳು ಬರೆಸಿದ್ದು.

1868ರಲ್ಲಿ ಫ್ರೆಡರಿಕ್ ಕ್ಲೈನ್ ಎಂಬ ಮಿಷನರಿಗೆ ಈಗಿನ ಜೋರ್ಡಾನ್ ದೇಶದ ಧೀಬಾನ್‌ನಲ್ಲಿ ಬೆಡುಯಿನ್ ಜನ ಒಂದು ಕರಿಕಲ್ಲನ್ನು ತೋರಿಸಿದರು. ಎದೆಯೆತ್ತರದ ಕಲ್ಲು, ಅದರ ಮೇಲೆ 34 ಸಾಲು ಬರಹ. ಸುದ್ದಿ ಹರಡುತ್ತಿದ್ದಂತೆ ಯುರೋಪಿನ ದೂತಾವಾಸಗಳ ನಡುವೆ ಪೈಪೋಟಿ ಹತ್ತಿಕೊಂಡಿತು. ಯೆರೂಸಲೇಮಿನ ಫ್ರೆಂಚ್ ದೂತಾವಾಸದಲ್ಲಿದ್ದ ತರುಣ ವಿದ್ವಾಂಸ ಶಾರ್ಲ್ ಕ್ಲೆರ್ಮೋಂ ಗಾನೋ ಕಲ್ಲಿನ ಅಚ್ಚು ತೆಗೆದು ತರಲು ಆಳು ಕಳಿಸಿದ. ಒದ್ದೆ ಕಾಗದ ಕಲ್ಲಿಗೆ ಅಂಟಿಕೊಂಡಿರುವಾಗಲೇ ಅಲ್ಲಿ ಜಗಳ ಎದ್ದಿತು. ಹೋದವರು ಕಾಗದವನ್ನು ಹಸಿಯಾಗಿಯೇ ಕಿತ್ತುಕೊಂಡು ಕುದುರೆ ಓಡಿಸಿದರು. ಇತ್ತ ಒಟ್ಟೋಮನ್ ಅಧಿಕಾರಿಗಳ ಒತ್ತಡ ಹೆಚ್ಚಿದಾಗ ಬೆಡುಯಿನರು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಸುರಿದು, ಚೂರು ಮಾಡಿ ಹಂಚಿಕೊಂಡರು. ಆ ಹರಿದ ಕಾಗದ ಮತ್ತು ಆಮೇಲೆ ಕೊಂಡು ಕೂಡಿಸಿದ ಚೂರುಗಳನ್ನು ಜೋಡಿಸಿದ ಕಲ್ಲು ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಅದನ್ನು ಬರೆಸಿದವನು ಮೋವಾಬಿನ ಅರಸ ಮೇಷ. ಇಸ್ರೇಲಿನ ಒಮ್ರಿ ತನ್ನ ನಾಡನ್ನು ಬಹುಕಾಲ ತುಳಿದ, ಅವನ ಮಗನೂ ಹಾಗೇ ಮಾಡಿದ, ತಾನು ಅವರನ್ನು ಸೋಲಿಸಿ ಊರುಗಳನ್ನು ಮರಳಿ ಪಡೆದೆ ಎಂದು ಅವನು ಹೇಳಿಕೊಳ್ಳುತ್ತಾನೆ. ಇಸ್ರೇಲ್ ಶಾಶ್ವತವಾಗಿ ನಾಶವಾಯಿತು ಎಂದೂ ಸೇರಿಸುತ್ತಾನೆ. ಆ ರಾಜ್ಯ ಅದಾದ ಮೇಲೂ ನೂರು ವರ್ಷ ಬಾಳಿತು; ವಿಜಯಶಾಸನಗಳ ಭಾಷೆಯೇ ಹಾಗೆ.

ಎರಡನೇ ಅರಸುಗಳ ಮೂರನೇ ಅಧ್ಯಾಯಕ್ಕೂ ಈ ಮೇಷ ಗೊತ್ತು. ಅವನು ಕುರಿಸಾಕಣೆಗೆ ಹೆಸರಾದವನು, ಇಸ್ರೇಲಿಗೆ ಲಕ್ಷ ಕುರಿಮರಿಗಳ ಕಪ್ಪ ಕೊಡುತ್ತಿದ್ದವನು. ಒಮ್ರಿಯ ಮಗ ಅಹಾಬ ಸತ್ತ ಮೇಲೆ ತಿರುಗಿಬಿದ್ದ. ಅವನನ್ನು ಬಗ್ಗಿಸಲು ಮೂರು ಅರಸರು ಸೇನೆ ಕಟ್ಟಿಕೊಂಡು ಹೋದರು, ಊರುಗಳನ್ನು ಕೆಡವಿದರು. ಕೊನೆಗೆ ಮೇಷ ತನ್ನ ಹಿರಿಯ ಮಗನನ್ನು ಕೋಟೆಗೋಡೆಯ ಮೇಲೆ ಬಲಿಕೊಟ್ಟನೆಂದೂ, ಇಸ್ರೇಲ್ ಸೇನೆ ವಾಪಸಾಯಿತೆಂದೂ ಕಥೆ ಮುಗಿಯುತ್ತದೆ. ಬಲಿಯ ಮಾತು ಮೇಷನ ಕಲ್ಲಿನಲ್ಲಿಲ್ಲ. ಕಾಲದ ಲೆಕ್ಕವೂ ನೇರವಾಗಿ ಕೂಡುವುದಿಲ್ಲ. ಆದರೆ ಮೋವಾಬ್ ಇಸ್ರೇಲಿನ ಅಧೀನದಲ್ಲಿತ್ತು, ಮೇಷನ ಕಾಲಕ್ಕೆ ಕೈತಪ್ಪಿತು ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಇದಕ್ಕಿಂತ ದೊಡ್ಡ ಸಂಗತಿ ಆ ಕಲ್ಲಿನ ಯೋಚನಾಕ್ರಮದಲ್ಲಿದೆ. ಒಮ್ರಿ ತನ್ನ ನಾಡನ್ನು ತುಳಿಯಲು ಕಾರಣವೇನು? ಮೋವಾಬಿನ ದೇವರು ಕೆಮೋಷ್ ತನ್ನ ನಾಡಿನ ಮೇಲೆಯೇ ಸಿಟ್ಟಾಗಿದ್ದ ಎನ್ನುತ್ತಾನೆ ಮೇಷ. ಗೆದ್ದದ್ದು ಯಾಕೆ? ಕೆಮೋಷ್ ಮತ್ತೆ ಒಲಿದ. ದೇವರ ಹೆಸರನ್ನು ಬದಲಿಸಿದರೆ ಈ ವಾಕ್ಯಗಳನ್ನು ಅರಸುಗಳ ಪುಸ್ತಕದಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಯೆರೂಸಲೇಮಿನ ಲೇಖಕರೂ ಸೋಲು ಗೆಲುವುಗಳನ್ನು ಹೀಗೆಯೇ ವಿವರಿಸಿದವರು. ಯೋರ್ದನ್ ನದಿಯ ಆಚೆ ಈಚೆ ದೇವರು ಬೇರೆ ಬೇರೆ, ಇತಿಹಾಸ ಬರೆಯುವ ರೀತಿ ಒಂದೇ. ಬೈಬಲನ್ನು ಅದರ ಕಾಲದೊಳಗಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಜೊತೆ ಓದು ಇಲ್ಲ.

ಒಮ್ರಿಯ ಮಗ ಅಹಾಬನಿಗೆ ಬೈಬಲ್‌ನಲ್ಲಿ ಜಾಗ ಬೇಕಾದಷ್ಟಿದೆ, ಒಳ್ಳೆಯ ಹೆಸರಿಲ್ಲ. ಅವನು ಈಜೆಬೆಲಳ ಗಂಡ, ಪ್ರವಾದಿ ಎಲೀಯನ ಎದುರಾಳಿ, ನಾಬೋತನ ದ್ರಾಕ್ಷಿತೋಟಕ್ಕಾಗಿ ನಿರಪರಾಧಿಯ ಸಾವಿಗೆ ಕಾರಣನಾದವನು. ಅಸ್ಸೀರಿಯದ ಮೂರನೇ ಶಲ್ಮನೆಸೆರನಿಗೆ ಪರಿಚಯವಿದ್ದ ಅಹಾಬನೇ ಬೇರೆ. ತುರ್ಕಿಯ ಕುರ್ಖ್ ಎಂಬಲ್ಲಿ 1861ರಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಶಾಸನ ಕ್ರಿ.ಪೂ. 853ರ ಕರ್ಕರ್ ಯುದ್ಧವನ್ನು ವರ್ಣಿಸುತ್ತದೆ. ಶಲ್ಮನೆಸೆರನನ್ನು ತಡೆಯಲು ಸಿರಿಯದ ಸುತ್ತಮುತ್ತಲ ಅರಸರೆಲ್ಲ ಒಂದಾಗಿದ್ದರು. ದಮಸ್ಕದವನು 1,200 ರಥ ತಂದಿದ್ದ, ಹಮಾತಿನವನು 700. ಇಸ್ರೇಲಿನ ಅಹಾಬನ ಹೆಸರಿನ ಮುಂದೆ 2,000 ರಥ, 10,000 ಕಾಲಾಳು ಎಂದಿದೆ. ರಥಗಳ ಸಂಖ್ಯೆ ಉತ್ಪ್ರೇಕ್ಷೆ ಎಂದೋ ಲಿಪಿಕಾರನ ತಪ್ಪು ಎಂದೋ ವಾದಿಸುವವರಿದ್ದಾರೆ. ಹಾಗಿದ್ದರೂ ಅಹಾಬ ಆ ಒಕ್ಕೂಟದ ಮುಂದಾಳುಗಳಲ್ಲಿ ಒಬ್ಬ ಎಂಬುದರಲ್ಲಿ ಸಂಶಯವಿಲ್ಲ. ಶಲ್ಮನೆಸೆರ ತಾನು ಗೆದ್ದೆ ಎಂದು ಕೆತ್ತಿಸಿದ. ಮುಂದಿನ ಹತ್ತು ವರ್ಷಗಳೊಳಗೆ ಅದೇ ಒಕ್ಕೂಟದ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋದ. ಗೆದ್ದವನಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ.

ಬೈಬಲ್‌ನಲ್ಲಿ ಕರ್ಕರ್ ಯುದ್ಧದ ಸುಳಿವೇ ಇಲ್ಲ.

ಸಮಾರ್ಯದ ಗುಡ್ಡವನ್ನು 1908ರಿಂದ 1910ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಅಗೆಯಿತು. 1930ರ ದಶಕದಲ್ಲಿ ಇನ್ನೊಂದು ತಂಡ ಮತ್ತೆ ಹೋಯಿತು. ನಯವಾಗಿ ಕಡಿದು ಕೂಡಿಸಿದ ಕಲ್ಲಿನ ಅರಮನೆ, ಪೀಠೋಪಕರಣಗಳಿಗೆ ಕೂರಿಸಿದ್ದ ನೂರಾರು ದಂತದ ಕೆತ್ತನೆಗಳು, ಹಳೆಯ ದ್ರಾಕ್ಷಾರಸ ಮತ್ತು ಎಣ್ಣೆಯ ಲೆಕ್ಕ ಬರೆದಿಟ್ಟ ಮಡಕೆಚೂರುಗಳು ಸಿಕ್ಕವು. ಅಹಾಬ ದಂತದ ಮನೆ ಕಟ್ಟಿಸಿದ ಎಂಬ ಒಂದು ಸಾಲು ಅರಸುಗಳ ಪುಸ್ತಕದಲ್ಲಿದೆ. ದಂತದ ಮಂಚದ ಮೇಲೆ ಹೊರಳಾಡುವ ಸಿರಿವಂತರ ಮೇಲೆ ಪ್ರವಾದಿ ಆಮೋಸನ ಸಿಟ್ಟೂ ಬೈಬಲ್‌ನಲ್ಲಿದೆ. ಆ ಸಿಟ್ಟು ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದಕ್ಕೆ ಈ ತುಂಡುಗಳು ಸಾಕ್ಷಿ. ಮಡಕೆಚೂರುಗಳಲ್ಲಿರುವ ಜನರ ಹೆಸರುಗಳಂತೂ ಗಮನವಿಟ್ಟು ನೋಡಬೇಕಾದವು: ಕೆಲವರ ಹೆಸರಿನಲ್ಲಿ ಯೆಹೋವನಿದ್ದಾನೆ, ಕೆಲವರದರಲ್ಲಿ ಬಾಳ್ ದೇವರಿದ್ದಾನೆ. ಅರಸುಗಳ ಲೇಖಕರು ಯಾವುದನ್ನು ಕಂಡು ಕೆರಳಿದ್ದರೋ ಅದು ಇಲ್ಲಿ ದಿನನಿತ್ಯದ ಎಣ್ಣೆಲೆಕ್ಕದಲ್ಲಿ ಸಹಜವಾಗಿ ಕಾಣಿಸುತ್ತದೆ.

ಈ ವಂಶವನ್ನು ಮುಗಿಸಿದವನು ಸೇನಾನಿ ಯೇಹು. ಇಸ್ರೇಲಿನ ಅರಸ ಯೋರಾಮ, ಅವನನ್ನು ನೋಡಲು ಬಂದಿದ್ದ ಯೆಹೂದದ ಅರಸ ಅಹಜ್ಯ, ಮುದಿ ರಾಣಿ ಈಜೆಬೆಲ್ ಎಲ್ಲರ ಸಾವಿಗೂ ಅವನೇ ಕಾರಣ. ಎರಡನೇ ಅರಸುಗಳ ಒಂಬತ್ತು, ಹತ್ತನೇ ಅಧ್ಯಾಯಗಳಲ್ಲಿ ರಕ್ತ ಹರಿಯುತ್ತದೆ. ಬೈಬಲ್ ಹೇಳದ ಇನ್ನೊಂದು ದೃಶ್ಯದಲ್ಲೂ ಅವನಿದ್ದಾನೆ. 1846ರಲ್ಲಿ ಇರಾಕಿನ ನಿಮ್ರೂದ್‌ನಲ್ಲಿ ಹೆನ್ರಿ ಲೇಯಾರ್ಡ್ ಅಗೆದು ತೆಗೆದ, ಆಳೆತ್ತರ ಮೀರಿದ ಕರಿಕಂಬದ ಮೇಲಿನಿಂದ ಎರಡನೇ ಸಾಲಿನ ಚಿತ್ರ ಅದು. ಶಲ್ಮನೆಸೆರ ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದಾನೆ, ಹಿಂದಿನವನು ಛತ್ರಿ ಹಿಡಿದಿದ್ದಾನೆ. ಮೊನಚು ಟೊಪ್ಪಿಗೆಯ, ಗಡ್ಡದ ಮನುಷ್ಯನೊಬ್ಬ ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದ್ದಾನೆ. ಅವನ ಹಿಂದೆ ಕಪ್ಪ ಹೊತ್ತವರ ಸಾಲು. ಚಿತ್ರದ ಮೇಲಿನ ಬರಹದಲ್ಲಿ ಕೊಟ್ಟ ವಸ್ತುಗಳ ಪಟ್ಟಿ ಇದೆ: ಬೆಳ್ಳಿ, ಚಿನ್ನ, ಚಿನ್ನದ ಬಟ್ಟಲು, ಚಿನ್ನದ ಹೂಜಿ, ತವರ, ರಾಜದಂಡ. ಕೊಟ್ಟವನ ಹೆಸರು ‘ಒಮ್ರಿಯ ಮಗ ಯೇಹು’. ಬಾಗಿದವನು ಯೇಹುವೋ, ಅವನ ದೂತನೋ ಎಂದು ಖಚಿತವಾಗಿ ಹೇಳಲಾಗದು. ಆದರೂ ಇಸ್ರೇಲಿನ ಅರಸನೊಬ್ಬನ ಚಿತ್ರ ಎನ್ನಬಹುದಾದ, ಆ ಕಾಲದ್ದೇ ಆದ ಕೆತ್ತನೆ ಇದೊಂದೇ. ಒಮ್ರಿಯ ಮನೆತನವನ್ನು ಬೇರುಸಮೇತ ಕಿತ್ತವನನ್ನು ಅಸ್ಸೀರಿಯ ಒಮ್ರಿಯ ಮಗನಾಗಿಯೇ ದಾಖಲಿಸಿತು. ಅಷ್ಟು ದೂರದ ಅರಮನೆಗೆ ಆ ದೇಶದ ಗುರುತೇ ಒಮ್ರಿ.

ಯೋರಾಮ ಮತ್ತು ಅಹಜ್ಯರನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ 1993ರಲ್ಲಿ ಇನ್ನೊಬ್ಬ ಹಕ್ಕುದಾರ ಸಿಕ್ಕ. ಇಸ್ರೇಲಿನ ಉತ್ತರ ತುದಿಯ ತೇಲ್ ದಾನ್‌ನಲ್ಲಿ ಅವ್ರಾಹಮ್ ಬಿರಾನ್ ನೇತೃತ್ವದ ಉತ್ಖನನ ನಡೆದಿತ್ತು. ಆ ಜುಲೈನಲ್ಲಿ ತಂಡದ ಮೋಜಣಿದಾರಳು ಊರಬಾಗಿಲ ಹತ್ತಿರದ ಗೋಡೆಯೊಂದರ ಕಲ್ಲಿನ ಮೇಲೆ ಅಕ್ಷರಗಳನ್ನು ಕಂಡಳು. ಹಳೆಯ ಶಾಸನವನ್ನು ಒಡೆದು ಗೋಡೆಗೆ ತುಂಬಿದ್ದರು. ಮರುವರ್ಷ ಇನ್ನೆರಡು ತುಂಡು ಸಿಕ್ಕವು. ಭಾಷೆ ಅರಮಾಯಿಕ್, ಕಾಲ ಕ್ರಿ.ಪೂ. ಒಂಬತ್ತನೇ ಶತಮಾನ. ಬರೆಸಿದವನ ಹೆಸರಿನ ಭಾಗ ಕಳೆದುಹೋಗಿದೆ. ದಮಸ್ಕದ ಹಜಾಯೇಲನೇ ಇರಬೇಕೆಂದು ಹೆಚ್ಚಿನವರು ನಂಬುತ್ತಾರೆ. ಇಸ್ರೇಲಿನ ಅರಸನನ್ನೂ ‘ದಾವೀದನ ಮನೆ’ಯ ಅರಸನನ್ನೂ ತಾನೇ ಕೊಂದೆ ಎಂದು ಅವನು ಹೇಳುತ್ತಾನೆ. ಅಳಿಸಿಹೋದ ಅಕ್ಷರಗಳನ್ನು ತುಂಬಿಕೊಂಡರೆ ಆ ಇಬ್ಬರು ಯೋರಾಮ ಮತ್ತು ಅಹಜ್ಯ ಆಗುತ್ತಾರೆ. ಬೈಬಲ್ ಪ್ರಕಾರ ಕೊಂದವನು ಯೇಹು. ಯೇಹು ಹಜಾಯೇಲನ ಬೆಂಬಲದಿಂದ ಈ ಕೆಲಸ ಮಾಡಿರಬಹುದೇ? ಗೆದ್ದ ಅರಸ ಬೇರೆಯವರ ಕೊಲೆಯನ್ನು ತನ್ನ ಖಾತೆಗೆ ಬರೆದುಕೊಂಡನೇ? ಎರಡೂ ಸಾಧ್ಯ. ಎರಡು ದಾಖಲೆಗಳಲ್ಲಿ ಒಂದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಜಗತ್ತಿನ ಕಣ್ಣು ನೆಟ್ಟದ್ದು ಕೊಲೆಯ ಮೇಲಲ್ಲ, ದಾವೀದನ ಹೆಸರಿನ ಮೇಲೆ. ಆವರೆಗೆ ಬೈಬಲ್ ಹೊರಗೆ ಆ ಹೆಸರು ಎಲ್ಲೂ ಸ್ಪಷ್ಟವಾಗಿ ಕಂಡಿರಲಿಲ್ಲ. ದಾವೀದ ಬರೀ ದಂತಕಥೆ ಎನ್ನುವ ವಿದ್ವಾಂಸರ ಗುಂಪೊಂದು ಬಲವಾಗಿತ್ತು. ಈ ಕಲ್ಲಿನ ನಂತರ ಆ ವಾದ ಬಹುಮಟ್ಟಿಗೆ ಸೊರಗಿತು. ದಾವೀದ ಬದುಕಿದ್ದನೆನ್ನುವ ಕಾಲದಿಂದ ಒಂದೂವರೆ ಶತಮಾನದೊಳಗೆ ನೆರೆಯ ಶತ್ರುವೇ ಯೆಹೂದದ ರಾಜವಂಶವನ್ನು ಅವನ ಹೆಸರಿನಿಂದ ಗುರುತಿಸುತ್ತಿದ್ದ. ಇದರಾಚೆಗೆ ಕಲ್ಲು ಏನನ್ನೂ ಹೇಳುವುದಿಲ್ಲ. ಗೊಲ್ಯಾತನನ್ನು ಕೊಂದ ಹುಡುಗನ ಬಗ್ಗೆಯಾಗಲಿ, ಯೂಫ್ರೆಟಿಸ್‌ವರೆಗೆ ಹಬ್ಬಿದ ಸಾಮ್ರಾಜ್ಯದ ಬಗ್ಗೆಯಾಗಲಿ ಅದರಲ್ಲಿ ಒಂದಕ್ಷರವಿಲ್ಲ. ವಂಶದ ಮೂಲಪುರುಷನೊಬ್ಬ ಇದ್ದ ಎನ್ನುವುದಕ್ಕೂ ಅವನ ಸುತ್ತ ಬೆಳೆದ ಕಥೆಯೆಲ್ಲ ನಿಜ ಎನ್ನುವುದಕ್ಕೂ ನಡುವೆ ಬಹಳ ದೂರವಿದೆ. ಅದನ್ನು ಒಂದೇ ಜಿಗಿತಕ್ಕೆ ದಾಟಿಸುವ ಸುದ್ದಿಶೀರ್ಷಿಕೆಗಳು ಓದುಗರಿಗೆ ಅನ್ಯಾಯ ಮಾಡುತ್ತವೆ.

ಆ ನಡುವಿನ ಜಾಗದಲ್ಲೇ ಇಂದಿನ ದೊಡ್ಡ ಜಗಳ ನಡೆದಿದೆ. ಸೊಲೊಮೋನ ಹಾಚೋರ್, ಮೆಗಿದ್ದೋ, ಗೆಜೆರ್ ಪಟ್ಟಣಗಳನ್ನು ಕಟ್ಟಿಸಿದ ಎಂದು ಬೈಬಲ್‌ನಲ್ಲಿದೆ. 1950ರ ದಶಕದಲ್ಲಿ ಯಿಗಾಯೆಲ್ ಯಾದಿನ್ ಹಾಚೋರಿನಲ್ಲಿ ಆರು ಕೋಣೆಗಳ ಊರಬಾಗಿಲನ್ನು ಅಗೆದರು. ಮೆಗಿದ್ದೋದಲ್ಲಿ ಅಂಥದೇ ಒಂದು ಮೊದಲೇ ಸಿಕ್ಕಿತ್ತು. ಅರ್ಧ ಶತಮಾನದ ಹಿಂದೆ ಗೆಜೆರ್ ಅಗೆದವರು ಬಿಟ್ಟುಹೋಗಿದ್ದ ನಕ್ಷೆಯನ್ನು ಹರಡಿಕೊಂಡು ಕೂತ ಯಾದಿನ್, ಬೇರೆ ಕಾಲದ ಕೋಟೆ ಎಂದು ಗುರುತು ಹಾಕಿದ್ದ ಕಟ್ಟಡದೊಳಗೆ ಇಂಥದೇ ಬಾಗಿಲಿನ ಅರ್ಧಭಾಗ ಅಡಗಿದೆ ಎಂದು ಪತ್ತೆಹಚ್ಚಿದರು. ಮುಂದೆ ಅಗೆದಾಗ ಅದು ಸರಿಯಾಯಿತು. ಮೂರೂ ಊರುಗಳಿಗೆ ಒಂದೇ ನಮೂನೆ, ಒಬ್ಬನೇ ಅರಸ. ಒಂದು ತಲೆಮಾರು ಇದನ್ನು ಪಾಠವಾಗಿ ಕಲಿಯಿತು.

1996ರಲ್ಲಿ ತೆಲ್ ಅವೀವ್ ವಿಶ್ವವಿದ್ಯಾಲಯದ ಇಸ್ರಾಯೇಲ್ ಫಿಂಕೆಲ್‌ಸ್ಟೈನ್ ಈ ಪಾಠವನ್ನೇ ಪ್ರಶ್ನಿಸಿದರು. ಆ ಬಾಗಿಲುಗಳ ಪದರದ ಮಡಕೆಗಳನ್ನು ಕ್ರಿ.ಪೂ. ಹತ್ತನೇ ಶತಮಾನಕ್ಕೆ, ಅಂದರೆ ಸೊಲೊಮೋನನ ಕಾಲಕ್ಕೆ, ಹಾಕಿದ್ದೇ ಬೈಬಲ್ ಹೇಳಿತೆಂದು. ಸ್ವತಂತ್ರವಾಗಿ ನೋಡಿದರೆ ಅವು ಒಂಬತ್ತನೇ ಶತಮಾನದವು ಎಂದರು. ಮೆಗಿದ್ದೋದ ಅರಮನೆಯ ಕಲ್ಲುಗೆಲಸ ಸಮಾರ್ಯದ ಅರಮನೆಯನ್ನೇ ಹೋಲುತ್ತದೆ. ಎರಡೂ ಕಡೆ ಕಲ್ಲುಕುಟಿಗರ ಗುರುತುಗಳೂ ಒಂದೇ ಬಗೆಯವು. ಹಾಗಾದರೆ ಕಟ್ಟಿಸಿದವರು ಒಮ್ರಿ, ಅಹಾಬರ ಮನೆತನ. ಬದಲಾವಣೆ ನೂರು ವರ್ಷಕ್ಕಿಂತ ಕಡಿಮೆ. ಆದರೆ ಅದರಿಂದ ಒಂದು ಸಾಮ್ರಾಜ್ಯದ ಕಟ್ಟಡಗಳೆಲ್ಲ ಕೈಬದಲಾಗುತ್ತವೆ: ಹೊಗಳಿಸಿಕೊಂಡ ಅರಸನಿಂದ ಬೈಸಿಕೊಂಡ ಅರಸರಿಗೆ.

ಎದುರು ಪಕ್ಷವೂ ಸುಮ್ಮನಿಲ್ಲ. 2007ರಿಂದ 2013ರವರೆಗೆ ಯೋಸೆಫ್ ಗಾರ್ಫಿಂಕೆಲ್ ಏಲಾ ಕಣಿವೆಯ ಮೇಲಿನ ಖಿರ್ಬೆತ್ ಕೆಯಾಫಾದಲ್ಲಿ ಚಿಕ್ಕದಾದರೂ ಗಟ್ಟಿ ಗೋಡೆಯ ಊರೊಂದನ್ನು ಅಗೆದರು. ಅಲ್ಲಿ ಸಿಕ್ಕ ಆಲಿವ್ ಬೀಜಗಳ ಇಂಗಾಲ ಪರೀಕ್ಷೆ ಕ್ರಿ.ಪೂ. ಸಾವಿರದ ಆಸುಪಾಸಿನ ಕಾಲ ತೋರಿಸಿತು. ಬೈಬಲ್ ಲೆಕ್ಕದ ದಾವೀದನ ಕಾಲ ಅದೇ. ಆ ಊರು ಯೆಹೂದದ್ದೇ ಎಂಬುದನ್ನು ಎಲ್ಲರೂ ಒಪ್ಪಿಲ್ಲ. ಗೆಜೆರ್‌ನ ಹೊಸ ಇಂಗಾಲ ಪರೀಕ್ಷೆಗಳು ಅಲ್ಲಿನ ದೊಡ್ಡ ಕಟ್ಟಡಗಳನ್ನು ಮತ್ತೆ ಹತ್ತನೇ ಶತಮಾನದ ಕಡೆಗೇ ತಳ್ಳಿವೆ. ತಕ್ಕಡಿ ಇನ್ನೂ ಅಲ್ಲಾಡುತ್ತಿದೆ. ಒಂದನ್ನಂತೂ ಹೇಳಬಹುದು: ಜಗಳ ಬೈಬಲ್ ವಚನಗಳಿಂದ ಆಲಿವ್ ಬೀಜಗಳಿಗೆ ಇಳಿದಿರುವುದು ಒಳ್ಳೆಯ ಬೆಳವಣಿಗೆ.

ಇಂಥ ತೂಗಾಟ ಇಲ್ಲದ ಅರಸನೆಂದರೆ ಹಿಜ್ಕೀಯ. ಕ್ರಿ.ಪೂ. ಎಂಟನೇ ಶತಮಾನದ ಕೊನೆಗೆ ಯೆಹೂದವನ್ನು ಆಳಿದ ಅವನು ಅಸ್ಸೀರಿಯದ ವಿರುದ್ಧ ಬಂಡೆದ್ದ. ಮುತ್ತಿಗೆ ಖಚಿತವೆಂದು ಗೊತ್ತಿದ್ದವನು ಮಾಡಬೇಕಾದದ್ದನ್ನೆಲ್ಲ ಮಾಡಿದ. 1970ರ ಸುಮಾರಿಗೆ ನಹಮಾನ್ ಅವಿಗಾದ್ ಯೆರೂಸಲೇಮಿನ ಹಳೆಯ ಪಟ್ಟಣದಲ್ಲಿ ಏಳು ಮೀಟರ್ ದಪ್ಪದ ಕೋಟೆಗೋಡೆಯನ್ನು ಬಯಲಿಗೆ ತಂದಾಗ ಅದರ ಅಡಿಯಲ್ಲಿ ಸೀಳಿಹೋದ ಮನೆಗಳ ಗೋಡೆಗಳು ಕಂಡವು. ಕೋಟೆಯನ್ನು ಭದ್ರಪಡಿಸಲು ಜನರ ಮನೆಗಳನ್ನು ಎಣಿಸಿ ಕೆಡವಿದರು ಎಂದು ಪ್ರವಾದಿ ಯೆಶಾಯ ದೂರಿದ್ದಾನೆ. ಆ ದೂರಿನಲ್ಲಿದ್ದ ಮನೆಗಳ ಬುನಾದಿಯೇ ಕಣ್ಣಮುಂದಿರುವುದು ಮೈ ನವಿರೇಳಿಸುವ ಸಂಗತಿ.

ನೀರಿನ ಕೆಲಸ ಇನ್ನೂ ದೊಡ್ಡದು. ಗೀಹೋನ್ ಒರತೆ ಇದ್ದದ್ದು ಗುಡ್ಡದ ಪೂರ್ವದ ಇಳಿಜಾರಿನಲ್ಲಿ. ಅದರ ನೀರನ್ನು ಊರೊಳಗಿನ ಕೊಳಕ್ಕೆ ತರಲು ಬಂಡೆಯೊಳಗೆ 533 ಮೀಟರ್ ಸುರಂಗ ಕೊರೆದರು. ಎರಡು ತಂಡಗಳು ಎರಡು ತುದಿಯಿಂದ ಹೊರಟು, ಹಾವಿನಂತೆ ಬಳುಕಿ, ನಡುವೆ ಸೇರಿಕೊಂಡವು. ಉಳಿಯ ಗುರುತುಗಳ ದಿಕ್ಕು ಬದಲಾಗುವ ಜಾಗ ಇಂದಿಗೂ ಕಾಣುತ್ತದೆ. ಇಷ್ಟು ಉದ್ದಕ್ಕೆ ಇಳಿಜಾರು ಕೆಲವೇ ಅಂಗುಲ. ಆದರೂ ನೀರು ಹರಿಯುತ್ತದೆ. 1880ರಲ್ಲಿ ಅದರೊಳಗೆ ಹೋಗಿದ್ದ ಶಾಲಾ ಹುಡುಗನೊಬ್ಬನಿಗೆ ದಕ್ಷಿಣದ ಬಾಯಿಯ ಹತ್ತಿರ ಗೋಡೆಯ ಮೇಲೆ ಆರು ಸಾಲಿನ ಹೀಬ್ರೂ ಬರಹ ಕಂಡಿತು. ಇನ್ನೂ ಮೂರು ಮೊಳ ಉಳಿದಿರುವಾಗ ಆಚೆಯವರು ಕೂಗಿದ್ದು ಕೇಳಿಸಿತು, ಗುದ್ದಲಿಗೆ ಗುದ್ದಲಿ ಎದುರಾಯಿತು, ನೀರು ಕೊಳಕ್ಕೆ ಹರಿಯಿತು, ತಲೆಯ ಮೇಲೆ ನೂರು ಮೊಳ ಬಂಡೆ ಇತ್ತು ಎಂಬುದು ಅದರ ಸಾರ. ಅರಸನ ಹೆಸರಿಲ್ಲ, ದೇವರ ಹೆಸರಿಲ್ಲ. ಬರಹದ ಮೇಲೆ ನಯಮಾಡಿದ ಜಾಗ ಖಾಲಿ ಉಳಿದಿದೆ. ರಾಜರ ಮಾತೇ ತುಂಬಿದ ಆ ಕಾಲದ ಬರಹಗಳ ನಡುವೆ ಕಲ್ಲು ಒಡೆದವರ ಸಂಭ್ರಮ ಹೀಗೆ ಉಳಿದುಕೊಂಡದ್ದು ಅಪರೂಪ. ಮುಂದೆ ಕಳ್ಳರು ಅದನ್ನು ಗೋಡೆಯಿಂದ ಕಡಿದರು. ಒಟ್ಟೋಮನ್ ಸರ್ಕಾರ ವಶಪಡಿಸಿಕೊಂಡಿತು. ಈಗ ಇಸ್ತಾಂಬುಲ್ ಸಂಗ್ರಹಾಲಯದಲ್ಲಿದೆ. ಸುರಂಗದ ಗಾರೆಯೊಳಗಿನ ಸಸ್ಯದ ಅವಶೇಷಗಳನ್ನು ಪರೀಕ್ಷಿಸಿದವರು 2003ರಲ್ಲಿ ಕ್ರಿ.ಪೂ. 700ರ ಆಸುಪಾಸಿನ ಕಾಲ ಕೊಟ್ಟರು. ಹಿಜ್ಕೀಯ ಕೊಳ ಕಟ್ಟಿಸಿ ನೀರು ತಂದ ಎಂಬ ಬೈಬಲ್ ಮಾತಿಗೆ ಇದು ಹೊಂದುತ್ತದೆ.

ಅಸ್ಸೀರಿಯದ ಅರಸ ಸನ್ಹೇರೀಬ ಬಂದದ್ದು ಕ್ರಿ.ಪೂ. 701ರಲ್ಲಿ. ಅವನ ಕಡೆಯ ಲೆಕ್ಕ ಆರು ಮುಖದ ಮಣ್ಣಿನ ಸ್ತಂಭದ ಮೇಲಿದೆ: ಯೆಹೂದದ 46 ಕೋಟೆ ಊರುಗಳನ್ನು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ, 30 ತಲಾಂತು ಚಿನ್ನ, 800 ತಲಾಂತು ಬೆಳ್ಳಿ ಬಂತು. ಯೆರೂಸಲೇಮನ್ನು ಹಿಡಿದೆ ಎಂಬ ಮಾತು ಎಲ್ಲೂ ಇಲ್ಲ. ನಿನೆವೆಯ ಅರಮನೆಯಲ್ಲಿ ಅವನು ಒಂದು ಕೋಣೆಯ ಗೋಡೆಗಳ ತುಂಬ ಕೆತ್ತಿಸಿದ್ದು ಲಾಕೀಷ್ ಪಟ್ಟಣದ ಸೋಲನ್ನು. ರಾಜಧಾನಿ ಸಿಕ್ಕಿದ್ದರೆ ಎರಡನೇ ದರ್ಜೆಯ ಊರಿಗೆ ಆ ಗೌರವ ಸಿಗುತ್ತಿರಲಿಲ್ಲ.

ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆ ಕೆತ್ತನೆಗಳಲ್ಲಿ ಮುತ್ತಿಗೆಯ ಯಂತ್ರಗಳು ಕಲ್ಲುಮಣ್ಣಿನ ಏರಿಯ ಮೇಲೆ ಹತ್ತುತ್ತಿವೆ. ಗೋಡೆಯ ಮೇಲಿನವರು ಉರಿಯುವ ಪಂಜುಗಳನ್ನು ಎಸೆಯುತ್ತಿದ್ದಾರೆ. ಯಂತ್ರದೊಳಗಿನ ಸೈನಿಕ ಉದ್ದ ಹಿಡಿಯ ಸೌಟಿನಿಂದ ಅದರ ಮೂತಿಗೆ ನೀರು ಹೊಯ್ಯುತ್ತಿದ್ದಾನೆ. ಇನ್ನೊಂದು ಕಡೆ ಗಂಟುಮೂಟೆ ಹೇರಿದ ಎತ್ತಿನ ಗಾಡಿ, ಅದರ ಮೇಲೆ ಹೆಂಗಸರು ಮಕ್ಕಳು. ಶೂಲಕ್ಕೇರಿಸಿದ ಮೂರು ದೇಹಗಳು. ಲಾಕೀಷಿನ ದಿಬ್ಬವನ್ನು 1970ರ ದಶಕದಿಂದ ಅಗೆದ ದಾವೀದ್ ಉಸ್ಸಿಷ್ಕಿನ್ ತಂಡಕ್ಕೆ ಆ ಏರಿ ಸಿಕ್ಕಿತು. ನೂರಾರು ಬಾಣದ ತುದಿಗಳು, ಕವಣೆಕಲ್ಲುಗಳು, ಊರಿನವರು ಒಳಗಿನಿಂದ ಅವಸರದಲ್ಲಿ ಕಟ್ಟಿದ ಎದುರು ಏರಿಯೂ ಸಿಕ್ಕವು. ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಹತ್ತಿರದ ಗುಹೆಗಳಲ್ಲಿ ಸುಮಾರು 1,500 ಜನರ ಎಲುಬುಗಳು ರಾಶಿಯಾಗಿ ಸಿಕ್ಕಿದ್ದವು.

ಯೆರೂಸಲೇಮ್ ಉಳಿದದ್ದು ಹೇಗೆ? ಎರಡನೇ ಅರಸುಗಳ ಹದಿನೆಂಟನೇ ಅಧ್ಯಾಯ ಮೊದಲು ಹೇಳುವುದು, ಹಿಜ್ಕೀಯ ತಪ್ಪೊಪ್ಪಿಕೊಂಡು ದೇವಾಲಯದ ಬಾಗಿಲುಗಳ ಚಿನ್ನದ ತಗಡನ್ನೂ ಕಿತ್ತು 30 ತಲಾಂತು ಚಿನ್ನ, 300 ತಲಾಂತು ಬೆಳ್ಳಿ ಕೊಟ್ಟ ಎಂದು. ಚಿನ್ನದ ಲೆಕ್ಕ ಸನ್ಹೇರೀಬನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಆಮೇಲೆ ಬೇರೆ ಕಥೆ: ಒಂದೇ ರಾತ್ರಿ ದೇವದೂತ 1,85,000 ಅಸ್ಸೀರಿಯರನ್ನು ಕೊಂದ. ಅರಸುಗಳ ಲೇಖಕರು ಎರಡನ್ನೂ ಇಟ್ಟುಕೊಂಡರು. ಶತಮಾನಗಳ ನಂತರ ಅದೇ ಇತಿಹಾಸವನ್ನು ಮತ್ತೆ ಬರೆದ, ಪೂರ್ವಕಾಲವೃತ್ತಾಂತ ಎಂಬ ಬೈಬಲ್ ಪುಸ್ತಕದವರು ಕಪ್ಪ ಕೊಟ್ಟ ಭಾಗವನ್ನು ಕೈಬಿಟ್ಟು ದೇವದೂತನನ್ನು ಮಾತ್ರ ಉಳಿಸಿಕೊಂಡರು. ಅವಮಾನ ಹೀಗೆ ಮರೆಯಾಗುತ್ತದೆ. ಹಳೆಯ ಲೇಖಕರು ಅದನ್ನು ಮರೆಮಾಚದೆ ಬಿಟ್ಟದ್ದಕ್ಕೆ ಇತಿಹಾಸಕಾರರು ಋಣಿಗಳಾಗಿರಬೇಕು.

ಹಿಜ್ಕೀಯನ ಮಗ ಮನಸ್ಸೆ ಬೈಬಲ್ ಪಾಲಿಗೆ ಕೆಟ್ಟವರಲ್ಲಿ ಕೆಟ್ಟವನು. ಯೆರೂಸಲೇಮಿನ ನಾಶಕ್ಕೆ ಅವನ ಪಾಪವೇ ಕಾರಣ. ಅಸ್ಸೀರಿಯದ ದಾಖಲೆಗಳಲ್ಲಿ ಅವನು ಸಾಮಗ್ರಿ ಸಾಗಿಸುವ ವಿಧೇಯ ಸಾಮಂತ. ಆದರೆ ಅಪ್ಪನ ಬಂಡಾಯದಿಂದ ಬರಿದಾದ ನಾಡು ಅವನ 55 ವರ್ಷಗಳಲ್ಲಿ ಚೇತರಿಸಿಕೊಂಡಿತು. ಮರುಭೂಮಿಯ ಅಂಚಿನಲ್ಲೂ ಹೊಸ ಊರುಗಳು ಎದ್ದವು. ರೈತನೊಬ್ಬನ ಕಣ್ಣಿನಿಂದ ನೋಡಿದರೆ ಯಾರು ಒಳ್ಳೆಯ ಅರಸ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ವಸ್ತುಗಳ ಪೇಟೆಯಲ್ಲಿ ಬೈಬಲ್ ಹೆಸರುಗಳಿಗೆ ಭಾರೀ ಬೆಲೆ. ಸೊಲೊಮೋನನ ದೇವಾಲಯದ್ದೆಂದು ನಂಬಿ ಇಸ್ರೇಲ್ ಮ್ಯೂಸಿಯಂ 1988ರಲ್ಲಿ 5,50,000 ಡಾಲರಿಗೆ ಕೊಂಡ ದಂತದ ದಾಳಿಂಬೆಯ ಮೇಲಿನ ಬರಹ ನಕಲಿ ಎಂದು 2004ರಲ್ಲಿ ತಜ್ಞರು ತೀರ್ಮಾನಿಸಿದರು. ಹಾಗಾಗಿಯೇ 2009ರ ಉತ್ಖನನದಲ್ಲಿ ಯೆರೂಸಲೇಮಿನ ಮಣ್ಣು ಜರಡಿ ಹಿಡಿದಾಗ ಸಿಕ್ಕ, ಉಗುರಿನಷ್ಟು ಚಿಕ್ಕ ಮುದ್ರೆಮಣ್ಣಿಗೆ ಬೆಲೆ. ‘ಆಹಾಜನ ಮಗ, ಯೆಹೂದದ ಅರಸ ಹಿಜ್ಕೀಯ’ ಎಂಬ ಬರಹದ ಅಂಥ ಮುದ್ರೆಗಳು ಮೊದಲು ಪೇಟೆಯಲ್ಲಿ ಕಂಡಿದ್ದವು. ಎಲ್ಲಿ, ಯಾವ ಪದರದಲ್ಲಿ ಎಂಬ ದಾಖಲೆ ಇದ್ದದ್ದು ಇದಕ್ಕೆ ಮಾತ್ರ.

ಯೆಹೂದದ ಕೊನೆಯ ಅರಸರಲ್ಲಿ ಯೆಹೋಯಾಖೀನ ಆಳಿದ್ದು ಮೂರೇ ತಿಂಗಳು. ಕ್ರಿ.ಪೂ. 597ರ ಮಾರ್ಚ್‌ನಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು ಅವನನ್ನು ಸೆರೆ ಒಯ್ದ. ಬಾಬಿಲೋನಿನ ವೃತ್ತಾಂತ ಫಲಕ ತಿಂಗಳು, ದಿನ ಸಹಿತ ಇದನ್ನು ಬರೆದಿದೆ. ಆಗ ಅವನಿಗೆ ಹದಿನೆಂಟು ವರ್ಷವೆಂದು ಅರಸುಗಳ ಪುಸ್ತಕದಲ್ಲಿದೆ. ಸೆರೆಯ ಮೂವತ್ತೇಳನೇ ವರ್ಷ ಹೊಸ ಅರಸ ಅವನನ್ನು ಬಿಡಿಸಿ, ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ, ದಿನದ ಪಡಿ ಗೊತ್ತುಮಾಡಿದ ಎಂಬಲ್ಲಿಗೆ ಆ ಪುಸ್ತಕ ಮುಗಿಯುತ್ತದೆ.

ಅವನಿಗೆ ಪಡಿ ಸಿಗುತ್ತಿದ್ದದ್ದು ಅದಕ್ಕೂ ಮುಂಚಿನಿಂದಲೇ. ಬಾಬಿಲೋನನ್ನು ಅಗೆದ ರಾಬರ್ಟ್ ಕೋಲ್ಡೆವೈಗೆ ಅರಮನೆಯ ಕಮಾನು ಕಟ್ಟಡವೊಂದು ತೂಗುವ ತೋಟದ ಅಡಿಪಾಯದಂತೆ ಕಂಡಿತ್ತು. ಅಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿದ್ದದ್ದು ಉಗ್ರಾಣದ ಲೆಕ್ಕ: ಯಾರಿಗೆ ಎಷ್ಟು ಎಣ್ಣೆ. ಬರ್ಲಿನ್ನಿಗೆ ಸಾಗಿಸಿದ ಅವುಗಳನ್ನು ಎರ್ನ್ಸ್ಟ್ ವೈಡ್ನರ್ ಓದಿ ಪ್ರಕಟಿಸಿದ್ದು 1939ರಲ್ಲಿ. ಕ್ರಿ.ಪೂ. 592ರ ಒಂದು ಫಲಕದಲ್ಲಿ ಯೆಹೂದದ ಅರಸನೆಂಬ ಪದವಿಯ ಜೊತೆಗೇ ಯೆಹೋಯಾಖೀನನ ಹೆಸರಿದೆ. ಅದರ ಬೆನ್ನಿಗೆ ಅವನ ಐದು ಗಂಡುಮಕ್ಕಳಿಗೆ ಎರಡೂವರೆ ಸಿಲ ಎಣ್ಣೆ, ತಲಾ ಸುಮಾರು ಅರ್ಧ ಲೀಟರ್. ಈ ಅರಸನನ್ನು ಮಕ್ಕಳಿಲ್ಲದವನೆಂದು ಬರೆಯಿರಿ ಎಂದಿದ್ದ ಪ್ರವಾದಿ ಯೆರೆಮೀಯ. ಪೂರ್ವಕಾಲವೃತ್ತಾಂತದ ವಂಶಾವಳಿ ಅವನಿಗೆ ಏಳು ಮಕ್ಕಳನ್ನು ಕೊಡುತ್ತದೆ. ಬಾಬಿಲೋನಿನ ಗುಮಾಸ್ತನಿಗೆ ಪ್ರವಾದನೆಯೂ ಗೊತ್ತಿಲ್ಲ, ವಂಶಾವಳಿಯೂ ಬೇಕಿಲ್ಲ. ಇಪ್ಪತ್ತಮೂರರ ಸೆರೆಯಾಳು ಅರಸನ ಮನೆಯಲ್ಲಿ ಆ ವರ್ಷ ಎಣ್ಣೆ ಪಡೆಯುವ ಹುಡುಗರು ಐವರಿದ್ದರು. ಅವನು ಐವರೆಂದು ಬರೆದುಕೊಂಡ.